ವೀಸಾ ಒಮ್ಮೆ ನಿರಾಕರಣೆಯಾದ ಮೇಲೆ, ಮತ್ತೆ ಅರ್ಜಿ ಹಾಕುವ ಮುನ್ನ

ನನ್ನ ಸೋದರಮಾವನಿಗೆ ತೀರ್ಥಹಳ್ಳಿಯ ಕಡೆ ನಾಲ್ಕೂವರೆ ಎಕರೆ ಅಡಿಕೆ ತೋಟವಿದೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಅತ್ತೆ, ಮಾವ ಇಬ್ಬರೂ ವೀಸಾ ಸಂದರ್ಶನಕ್ಕೆ ಹೋಗಿದ್ದರು. ಗಾಜಿನ ಆಚೆಗಿದ್ದ ಅಧಿಕಾರಿ "ಏನು ಕೆಲಸ ಮಾಡಿಕೊಂಡಿದ್ದೀರಿ?" ಎಂದು ಕೇಳಿದ್ದಕ್ಕೆ ಮಾವ ಹೇಳಿದ್ದು: "ಈಗೇನೂ ಇಲ್ಲ, ಮನೆಯಲ್ಲೇ ಇದ್ದೇನೆ."

ಮಲೆನಾಡಿನ ಜಗಲಿಯ ಮೇಲೆ ಈ ಮಾತು ಕೇಳಿದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟವಿದೆ, ಕೊಯ್ಲಿದೆ, ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಸುವುದಿದೆ. ಆದರೆ ಅದನ್ನೆಲ್ಲ ತಾನೇ ಬಾಯಿಬಿಟ್ಟು ಹೇಳಿಕೊಂಡರೆ ಜಂಬವಾಗುತ್ತದೆ. ಅಧಿಕಾರಿಗೆ ಮಾತ್ರ ಕೇಳಿಸಿದ್ದು 'ಕೆಲಸವಿಲ್ಲ' ಎಂದು. ಎಷ್ಟು ದಿನ ಇರುತ್ತೀರಿ? ಆರು ತಿಂಗಳು. ಖರ್ಚು ಯಾರದು? ಅಳಿಯನದು. ಎರಡೂವರೆ ನಿಮಿಷದಲ್ಲಿ ಪಾಸ್‌ಪೋರ್ಟ್ ವಾಪಸ್ ಬಂತು, ಜೊತೆಗೆ ಒಂದು ಕಾಗದ. ಅತ್ತೆ ವಾರಗಟ್ಟಲೆ ಕುಳಿತು ಜೋಡಿಸಿದ್ದ ದಪ್ಪ ಫೈಲನ್ನು ಯಾರೂ ತೆರೆಯಲಿಲ್ಲ. ಊರಿಗೆ ಬಂದ ಮೇಲೂ ಅವರಿಗೆ ಹೆಚ್ಚು ನೋವಾಗಿದ್ದು ಅದೇ.

ನಮ್ಮ ಬಳಗದಲ್ಲಿ ವೀಸಾ ಅರ್ಜಿ ತುಂಬುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ, ಆದರೆ ಬಹುತೇಕ ನಿರಾಕರಣೆಯಾದ ಮೇಲೆ. ಫೋನಿನಲ್ಲಿ ಕೇಳುವ ಪ್ರಶ್ನೆಗಳು ಯಾವಾಗಲೂ ಅವೇ. ಮತ್ತೆ ಹಾಕಬಹುದೇ? ಎಷ್ಟು ತಿಂಗಳು ಕಾಯಬೇಕು? ಬೇರೆ ಊರಿನ ಕಾನ್ಸುಲೇಟಿಗೆ ಹೋದರೆ ಆಗುತ್ತದೆಯೇ? ಮೊದಲ ಎರಡಕ್ಕೆ ಉತ್ತರ ಸುಲಭ: ಹಾಕಬಹುದು, ಕಾನೂನಿನ ಪ್ರಕಾರ ಕಾಯಬೇಕಾದ ಅವಧಿ ಯಾವುದೂ ಇಲ್ಲ, ಮನಸ್ಸಿದ್ದರೆ ನಾಳೆಯೇ ಹಣ ಕಟ್ಟಬಹುದು. ಅವರು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಎರಡೂವರೆ ನಿಮಿಷದಲ್ಲಿ ಅಧಿಕಾರಿ ಯಾವ ಮಾತನ್ನು ನಂಬಲಿಲ್ಲ? ಅದು ತಿಳಿಯದೆ ಹಾಕುವ ಎರಡನೆಯ ಅರ್ಜಿ ಮೊದಲನೆಯದರ ಜೆರಾಕ್ಸ್ ಆಗುತ್ತದೆ, ಶುಲ್ಕ ಮಾತ್ರ ಹೊಸದು.

ಮೊದಲು ಆ ಕಾಗದ ಓದಿ

ಕೈಗೆ ಕೊಟ್ಟ ಕಾಗದವನ್ನು ಸಿಟ್ಟಿನಲ್ಲಿ ಹರಿದು ಹಾಕಿದವರನ್ನು ನಾನು ನೋಡಿದ್ದೇನೆ. ಹರಿಯಬೇಡಿ. ಅದರಲ್ಲಿರುವ ಕಾನೂನಿನ ಕಲಂ ಸಂಖ್ಯೆಯೇ ಮುಂದಿನ ದಾರಿಯನ್ನು ಹೇಳುತ್ತದೆ.

ಪ್ರವಾಸಿ ವೀಸಾ ಕೇಳಿದವರಿಗೆ ಹೆಚ್ಚಾಗಿ ಸಿಗುವುದು 214(ಬಿ). ಅಮೆರಿಕದ 1952ರ ವಲಸೆ ಮತ್ತು ಪೌರತ್ವ ಕಾಯ್ದೆಯ ಈ ಕಲಂ ಹೇಳುವುದನ್ನು ನಮ್ಮ ಮಾತಿನಲ್ಲಿ ಇಡುವುದಾದರೆ ಹೀಗೆ: ವೀಸಾ ಕೇಳಲು ಬಂದ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಹೊರಟವರು ಎಂದು ಅಧಿಕಾರಿ ಮೊದಲೇ ಎಣಿಸಿಕೊಳ್ಳಬೇಕು, ಹಾಗಲ್ಲ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದು. ನ್ಯಾಯಾಲಯದಲ್ಲಿ ಆರೋಪಿಯ ತಪ್ಪನ್ನು ಸಾಬೀತು ಮಾಡುವುದು ಸರ್ಕಾರದ ಕೆಲಸ. ಇಲ್ಲಿ ತಿರುಗುಮುರುಗು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಒಂದೂ ತಪ್ಪು ಸಿಗದಿದ್ದರೂ ನಿರಾಕರಿಸಬಹುದು. ಮನವರಿಕೆ ಆಗಲಿಲ್ಲ ಎಂದರೆ ಸಾಕು. "ಕಾರಣವೇ ಹೇಳಲಿಲ್ಲ" ಎಂದು ಜನ ದೂರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆ ಕಾಗದವೇ ಕಾರಣ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಚ್-1ಬಿ ಮತ್ತು ಎಲ್ ಎಂಬ ಉದ್ಯೋಗ ವೀಸಾದವರಿಗೆ ಈ ಎಣಿಕೆ ಅನ್ವಯಿಸುವುದಿಲ್ಲ, ಕಾಯ್ದೆಯೇ ಅವರನ್ನು ಹೊರಗಿಟ್ಟಿದೆ. ಅಪ್ಪ ಅಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಲಹೆ ಕೊಡುವ ಮಗ ಅಥವಾ ಅಳಿಯ ಎಷ್ಟೋ ಸಲ ಎಚ್-1ಬಿ ಸಂದರ್ಶನ ಮುಗಿಸಿ ಹೋದವನು. ಅವನು ಬರೆದದ್ದು ಬೇರೆಯೇ ಪರೀಕ್ಷೆ. ಅವನನ್ನು ಕಂಪನಿ, ಸಂಬಳ, ಹುದ್ದೆಯ ಬಗ್ಗೆ ಕೇಳಿದ್ದರು. ಕಾಗದ ಸರಿಯಿದ್ದರೆ ಕೆಲಸವಾಯಿತು. ಅದೇ ಅನುಭವದಿಂದ ಅವನು "ಎಲ್ಲ ಡಾಕ್ಯುಮೆಂಟ್ ಇಟ್ಟುಕೊಂಡು ಹೋಗಿ ಸಾಕು" ಎಂದು ಹೇಳುತ್ತಾನೆ. ಫೈಲ್ ದಪ್ಪವಾಗುತ್ತಾ ಹೋಗುವುದು ಹೀಗೆ.

ಕಾಗದದಲ್ಲಿ 221(ಜಿ) ಎಂದಿದ್ದರೆ ಗಾಬರಿಯಾಗಬೇಡಿ, ಹೊಸ ಅರ್ಜಿಯನ್ನೂ ಹಾಕಬೇಡಿ. ಯಾವುದೋ ದಾಖಲೆ ಬಾಕಿಯಿದೆ ಅಥವಾ ಇನ್ನಷ್ಟು ಪರಿಶೀಲನೆ ನಡೆಯಬೇಕಿದೆ ಎಂದು ಅದರ ಅರ್ಥ. ಕೇಳಿದ್ದನ್ನು ಒಂದು ವರ್ಷದೊಳಗೆ ಒದಗಿಸಿದರೆ ಅದೇ ಅರ್ಜಿ ಮುಂದುವರಿಯುತ್ತದೆ, ಮತ್ತೆ ಹಣ ಕಟ್ಟಬೇಕಾಗಿಲ್ಲ. ಇನ್ನು 212ರಿಂದ ಶುರುವಾಗುವ ಸಂಖ್ಯೆಯಿದ್ದರೆ ವಿಷಯ ಗಂಭೀರ. ಸುಳ್ಳು ಹೇಳಿಕೆ ಕೊಟ್ಟಿದ್ದಾರೆ ಎಂಬ ತೀರ್ಮಾನ 212(ಎ)(6)(ಸಿ) ಅಡಿಯಲ್ಲಿ ಬಂದರೆ ಅದು ಜೀವನಪರ್ಯಂತದ ತಡೆ. ವಿಶೇಷ ವಿನಾಯಿತಿ ಸಿಕ್ಕರೆ ಮಾತ್ರ ಬಿಡುಗಡೆ. ಹಿಂದೆ ಹೋದಾಗ ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರಿಗೆ ಹತ್ತು ವರ್ಷ ತಡೆಯಿದೆ. ಇಂಥವರು ನನ್ನಂಥವರ ಮಾತು ಕೇಳದೆ ಅಮೆರಿಕದ ವಲಸೆ ವಕೀಲರನ್ನು ಕಾಣುವುದು ಒಳ್ಳೆಯದು. ಅಮೆರಿಕದ ಬಗ್ಗೆ ಈ ಲೇಖನದ ಉಳಿದ ಮಾತು 214(ಬಿ) ಸಿಕ್ಕವರಿಗೆ.

ಮೇಲ್ಮನವಿ ಎಂಬುದು ಇಲ್ಲ

"ಯಾರಿಗಾದರೂ ಹೇಳಿಸಬಹುದೇ?" ಇದು ನಮ್ಮವರ ಮುಂದಿನ ಪ್ರಶ್ನೆ. ತಹಶೀಲ್ದಾರರ ಕಚೇರಿಯ ಅನುಭವ ಎಲ್ಲಿ ಹೋದರೂ ಬೆನ್ನಿಗಿರುತ್ತದೆ. 214(ಬಿ) ನಿರಾಕರಣೆಗೆ ಮೇಲ್ಮನವಿಯಿಲ್ಲ. ಕಾನ್ಸುಲರ್ ಅಧಿಕಾರಿಯ ವೀಸಾ ತೀರ್ಮಾನದಲ್ಲಿ ನ್ಯಾಯಾಲಯ ಕೈಹಾಕುವುದಿಲ್ಲ ಎಂಬ ತತ್ವ ಅಲ್ಲಿ ಹಳೆಯದು. 2024ರ ಜೂನ್‌ನಲ್ಲಿ ಮುನ್ಯೋಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಗಟ್ಟಿ ಮಾಡಿತು. ಅಲ್ಲಿನ ಪೌರಳಾದ ಹೆಂಡತಿಗೇ ಗಂಡನ ವೀಸಾ ನಿರಾಕರಣೆಯನ್ನು ಪ್ರಶ್ನಿಸುವ ಸಾಂವಿಧಾನಿಕ ಹಕ್ಕು ಇಲ್ಲವೆಂದ ಮೇಲೆ, ಅತ್ತೆ ಮಾವನ ಪ್ರವಾಸಿ ವೀಸಾದ ಮಾತೇನು. ಮಗಳು ತನ್ನ ಕ್ಷೇತ್ರದ ಜನಪ್ರತಿನಿಧಿಯಿಂದ ಪತ್ರ ಬರೆಸಬಹುದು. ಕಾನ್ಸುಲೇಟ್ ಅದಕ್ಕೆ ಸೌಜನ್ಯದಿಂದ ಉತ್ತರವನ್ನೂ ಕೊಡುತ್ತದೆ. ತೀರ್ಮಾನ ಬದಲಾಗುವುದಿಲ್ಲ.

ಹಾಗಾಗಿ ಉಳಿಯುವುದು ಮರು ಅರ್ಜಿ ಒಂದೇ. ಹೊಸ ಡಿಎಸ್-160 ಅರ್ಜಿ ನಮೂನೆ, ಹೊಸ ಶುಲ್ಕ, ಹೊಸ ಸ್ಲಾಟ್, ಮತ್ತೆ ಮುಖಾಮುಖಿ ಸಂದರ್ಶನ. ಶುಲ್ಕ 2023ರ ಜೂನ್‌ನಿಂದ ತಲೆಗೆ 185 ಡಾಲರ್. ಗಂಡ ಹೆಂಡತಿ ಇಬ್ಬರದು ಸೇರಿದರೆ ನಮ್ಮ ಮೂವತ್ತು ಸಾವಿರ ರೂಪಾಯಿ ದಾಟುತ್ತದೆ. ವೀಸಾ ಸಿಗಲಿ ಬಿಡಲಿ, ಅದು ವಾಪಸ್ ಬರುವುದಿಲ್ಲ. ಪ್ರಯಾಣದ ಖರ್ಚು ಬೇರೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಎಷ್ಟೋ ಜನ ಸಂಭ್ರಮಪಟ್ಟರು, ಆದರೆ ಅದು ಆರಂಭವಾದದ್ದು ವೀಸಾ ಸೇವೆ ಇಲ್ಲದೆ. ಕರ್ನಾಟಕದವರು ದಶಕಗಳಿಂದ ರಾತ್ರಿ ಬಸ್ಸು ಹಿಡಿಯುತ್ತಾ ಬಂದದ್ದು ಚೆನ್ನೈಗೆ, ಹೈದರಾಬಾದಿಗೆ, ಮುಂಬಯಿಗೆ.

ಬೇರೆ ಊರಿನ ಕಾನ್ಸುಲೇಟಿನಲ್ಲಿ ಅದೃಷ್ಟ ಪರೀಕ್ಷೆ ಮಾಡುವ ಆಸೆ ಇದೇ ಓಡಾಟದಿಂದ ಹುಟ್ಟುತ್ತದೆ. ಚೆನ್ನೈಯಲ್ಲಿ ಆಗದ್ದು ಹೈದರಾಬಾದಿನಲ್ಲಿ ಆಗಬಹುದು ಎಂದು. ಹಿಂದಿನ ಅರ್ಜಿ, ಬೆರಳಚ್ಚು, ಅಧಿಕಾರಿ ಬರೆದಿಟ್ಟ ಟಿಪ್ಪಣಿ ಎಲ್ಲವೂ ಒಂದೇ ದತ್ತಾಂಶ ಕೋಶದಲ್ಲಿರುತ್ತವೆ. ಹೊಸ ಅಧಿಕಾರಿ ನಿಮ್ಮ ಮುಖ ನೋಡುವಾಗ ಪರದೆಯ ಮೇಲೆ ಹಳೆಯದು ತೆರೆದುಕೊಂಡಿರುತ್ತದೆ. ಬೇರೆ ದೇಶಕ್ಕೆ ಹೋಗಿ ಹಾಕುವ ದಾರಿಯೂ ಕಿರಿದಾಗಿದೆ: 2025ರ ಸೆಪ್ಟೆಂಬರ್‌ನಿಂದ ಇಂಥ ವೀಸಾಗಳಿಗೆ ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಅರ್ಜಿ ಹಾಕಬೇಕೆಂದು ಅಮೆರಿಕ ಸೂಚಿಸಿದೆ.

ಬದಲಾದದ್ದು ಏನು?

ಮರು ಅರ್ಜಿ ಹಾಕುವವರು ತಮ್ಮ ಪರಿಸ್ಥಿತಿಯಲ್ಲಿ ಗಣನೀಯ ಬದಲಾವಣೆಯಾಗಿದೆ ಎಂದು ತೋರಿಸಬೇಕೆಂಬುದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳುವ ಮಾತು. ಬದಲಾವಣೆ ಎರಡು ಬಗೆಯದು. ಬದುಕಿನಲ್ಲಿ ಆದದ್ದು ಒಂದು: ಕೆಲಸ ಸಿಕ್ಕಿತು, ವ್ಯಾಪಾರ ಬೆಳೆಯಿತು, ಬೇರೆ ದೇಶಗಳಿಗೆ ಹೋಗಿ ಹೇಳಿದ ದಿನಕ್ಕೆ ವಾಪಸ್ ಬಂದರು, ಊರಿನಲ್ಲಿ ಮಗನ ಮದುವೆಯಾಗಿ ಮೊಮ್ಮಕ್ಕಳಾದರು. ಇನ್ನೊಂದು, ಬದುಕು ಇದ್ದ ಹಾಗೆಯೇ ಇದ್ದು, ಅದನ್ನು ಹೇಳಿದ ರೀತಿ ತಪ್ಪಾಗಿತ್ತು ಎಂಬುದು. ಮಾವನದು ಎರಡನೆಯ ಬಗೆ.

ನಾನು ಮೊದಲು ಕೇಳಿದ್ದು ಹಳೆಯ ಅರ್ಜಿಯ ಪ್ರತಿಯನ್ನು. ಪೇಟೆಯ ಏಜೆಂಟರೊಬ್ಬರು ತುಂಬಿದ್ದ ನಮೂನೆ. ಉದ್ಯೋಗದ ಜಾಗದಲ್ಲಿ 'ನಿವೃತ್ತ' ಎಂದಿತ್ತು. ಅರುವತ್ತೆಂಟು ವಯಸ್ಸು ಎಂದ ಕೂಡಲೇ ಆ ಪುಣ್ಯಾತ್ಮ ನಿವೃತ್ತಿ ಕೊಟ್ಟುಬಿಟ್ಟಿದ್ದ. ಮಾವ ಒಂದು ದಿನವೂ ನೌಕರಿ ಮಾಡಿದವರಲ್ಲ, ನಿವೃತ್ತರಾಗುವುದು ಯಾವುದರಿಂದ? ಆ ಪಟ್ಟಿಯಲ್ಲಿ 'ಕೃಷಿ' ಎಂಬ ಆಯ್ಕೆ ಇದೆ. ಎಷ್ಟು ದಿನ ಎಂಬಲ್ಲಿ ಆರು ತಿಂಗಳು. ಊರಿನಲ್ಲಿರುವ ಮಗನ ವಿಷಯ, ತೋಟದ ವಿಷಯ ಎಲ್ಲಿಯೂ ಇಲ್ಲ. ಅಂದರೆ ಸಂದರ್ಶನಕ್ಕೆ ಮೊದಲೇ ಅಧಿಕಾರಿಯ ಮುಂದೆ ಮೂಡಿದ್ದ ಚಿತ್ರ ಹೀಗಿತ್ತು: ವಯಸ್ಸಾದ ದಂಪತಿ, ಆದಾಯವಿಲ್ಲ, ಕೆಲಸವಿಲ್ಲ, ಮಗಳು ಅಮೆರಿಕದಲ್ಲಿ, ಅರ್ಧ ವರ್ಷ ಉಳಿಯುವ ಯೋಚನೆ. ಮಾವನ 'ಮನೆಯಲ್ಲೇ ಇದ್ದೇನೆ' ಆ ಚಿತ್ರಕ್ಕೆ ಚೌಕಟ್ಟು ಹಾಕಿತು. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ಆರು ತಿಂಗಳು ಎಂಬ ಈ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದು ನನಗೆ ಸದಾ ಸೋಜಿಗ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. 'ಹೇಗೂ ಕೊಡುತ್ತಾರಂತೆ' ಎಂಬುದು ಬಾಯಿಂದ ಬಾಯಿಗೆ ಹರಡಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಕೇಳುವುದರಲ್ಲಿ ಅಪರಾಧವೇನೂ ಇಲ್ಲ. ಆದರೆ ಊರಿನಲ್ಲಿ ತೋಟ ನೋಡಿಕೊಳ್ಳುವ ಮನುಷ್ಯ ಆರು ತಿಂಗಳು ಅದನ್ನು ಬಿಟ್ಟಿರಬಲ್ಲ ಎಂದರೆ, ತೋಟಕ್ಕೆ ಅವನು ಬೇಕೇ ಎಂಬ ಸಂಶಯ ಯಾರಿಗಾದರೂ ಬರುತ್ತದೆ. ಅವಧಿ ಎಷ್ಟೇ ಇರಲಿ, ಅದಕ್ಕೊಂದು ಕಾರಣ ಬದುಕಿನೊಳಗಿಂದಲೇ ಬರಬೇಕು. ಮಾವನ ವರ್ಷಕ್ಕೆ ಅದರದೇ ಪಂಚಾಂಗವಿದೆ: ಕೊಯ್ಲು, ಸುಲಿತ, ಬೇಯಿಸುವುದು ಜನವರಿಯ ಹೊತ್ತಿಗೆ ಮುಗಿಯುತ್ತದೆ, ಮುಂಗಾರು ಹಿಡಿಯುವ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲೇಬೇಕು. ನಡುವಿನ ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಬಿಡುವು. ಎರಡನೆಯ ಅರ್ಜಿಯಲ್ಲಿ ಹನ್ನೆರಡು ವಾರ ಎಂದು ಬರೆದೆವು. ಅದು ಜಾಣತನದ ಲೆಕ್ಕವಾಗಿರಲಿಲ್ಲ, ಅವರು ನಿಜವಾಗಿ ಹೋಗಿ ಬರಬಹುದಾದದ್ದೇ ಅಷ್ಟು.

ಬಾಣಂತನ ಎಂಬ ಪದಕ್ಕೂ ಒಂದು ಗಳಿಗೆ ನಿಲ್ಲಬೇಕು. ಇಂಗ್ಲಿಷಿಗೆ ತಿರುಗಿಸುವ ಅವಸರದಲ್ಲಿ ಅದು 'ಮಗು ನೋಡಿಕೊಳ್ಳಲು ಹೋಗುತ್ತಿದ್ದೇವೆ' ಎಂದಾಗಿಬಿಡುತ್ತದೆ. ಕೇಳಿದವರಿಗೆ ಅದು ದಾದಿಯ ಕೆಲಸದಂತೆ ಕೇಳಿಸಬಹುದು. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಮಗಳಿಗೆ ಹೆರಿಗೆಯಾಗುತ್ತಿದೆ, ಮೊಮ್ಮಗುವನ್ನು ನೋಡಬೇಕು, ಕೆಲವು ವಾರ ಅವಳ ಜೊತೆಗಿದ್ದು ಬರುತ್ತೇವೆ ಎಂಬುದು ಅಷ್ಟೇ ನಿಜ, ಮತ್ತು ಸರಿಯಾದ ಮಾತು. ಬ್ರಿಟನ್ ಈ ವಿಷಯದಲ್ಲಿ ತನ್ನ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿದೆ: ಬಂಧುವೊಬ್ಬರು ಅಲ್ಪಾವಧಿಗೆ ಬಂದು ಮಗುವನ್ನು ನೋಡಿಕೊಳ್ಳಬಹುದು, ಅದು ಸಂಬಳದ ಆಯಾ ಕೆಲಸವಾಗಬಾರದು. ಅತ್ತೆಯಂಥವರು ಇಂಗ್ಲಿಷಿನಲ್ಲೇ ಉತ್ತರಿಸಬೇಕೆಂಬ ಹಟ ಹಿಡಿದು ಬಾಯಿಪಾಠ ಮಾಡುವುದಕ್ಕಿಂತ ದುಭಾಷಿಯ ನೆರವು ಕೇಳುವುದು ಮೇಲು. ಬಾಯಿಪಾಠದ ಉತ್ತರ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ಅಳಿಯನ ಆಹ್ವಾನ ಪತ್ರ, ಅವನ ಬ್ಯಾಂಕ್ ಲೆಕ್ಕ, ಖರ್ಚು ತಾನೇ ನೋಡಿಕೊಳ್ಳುತ್ತೇನೆಂಬ ಪ್ರಮಾಣಪತ್ರ ಇವುಗಳ ಮೇಲೆ ನಮ್ಮವರಿಗೆ ಅಪಾರ ನಂಬಿಕೆ. ಪ್ರವಾಸಿ ವೀಸಾಕ್ಕೆ ಇವು ಬೇಕಿಲ್ಲವೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಸೂಚನೆಯಲ್ಲೇ ಇದೆ. ಅರ್ಜಿದಾರರು ಅರ್ಹರಾಗಬೇಕಾದದ್ದು ತಮ್ಮ ಊರಿನ ನಂಟಿನಿಂದ, ಅಲ್ಲಿರುವವರ ಭರವಸೆಯಿಂದಲ್ಲ. ಅಳಿಯ ಎಷ್ಟು ಗಟ್ಟಿಯಾಗಿ ಬೇರೂರಿದ್ದಾನೆಂದು ತೋರಿಸಿದಷ್ಟೂ 'ಇವರೂ ಅಲ್ಲಿಯೇ ಉಳಿಯಬಹುದು' ಎಂಬ ಎಣಿಕೆಗೆ ನಾವೇ ನೀರೆರೆದಂತೆ.

ಹೊಸ ನಮೂನೆಯಲ್ಲಿ ಎಡವುವ ಜಾಗಗಳು

ಡಿಎಸ್-160ರಲ್ಲಿ ಒಂದು ಪ್ರಶ್ನೆ ನೇರವಾಗಿ ಕೇಳುತ್ತದೆ: ಹಿಂದೆ ನಿಮಗೆ ಅಮೆರಿಕದ ವೀಸಾ ನಿರಾಕರಣೆಯಾಗಿದೆಯೇ? ಹೌದು ಎಂದು ಒತ್ತಿ, ಯಾವಾಗ, ಎಲ್ಲಿ, ಯಾವ ಕಲಂ ಎಂದು ಎರಡು ಸಾಲು ಬರೆಯಿರಿ. ಅಲ್ಲಿ ಅಳಲು ತೋಡಿಕೊಳ್ಳಬೇಡಿ, ಅಧಿಕಾರಿಯನ್ನು ದೂರಬೇಡಿ. ಇದಕ್ಕೆ 'ಇಲ್ಲ' ಎಂದು ಹೇಳುವುದು ಎಷ್ಟು ದೊಡ್ಡ ಪ್ರಮಾದ ಎಂಬುದಕ್ಕೆ ವಿವರಣೆ ಬೇಕಿಲ್ಲ, ಕೇಳುತ್ತಿರುವವರೇ ನಿರಾಕರಿಸಿದವರು.

ಇನ್ನೊಂದು ಪ್ರಶ್ನೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ ಅದು ಎಷ್ಟೋ ಸಲ ನೆನಪಿಗೇ ಬರುವುದಿಲ್ಲ: ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ? ಅಮೆರಿಕದ ಪೌರನಾದ ಅಣ್ಣ ಎಂದೋ ತಂಗಿಯ ಹೆಸರಿನಲ್ಲಿ ಹಾಕಿಟ್ಟಿರುತ್ತಾನೆ. ಒಡಹುಟ್ಟಿದವರ ಆ ಸರದಿ ಭಾರತೀಯರಿಗೆ ಹದಿನೈದು ವರ್ಷಕ್ಕೂ ಹೆಚ್ಚು ಉದ್ದವಿರುವುದರಿಂದ ಹಾಕಿದವನೂ ಮರೆತಿರುತ್ತಾನೆ, ದತ್ತಾಂಶ ಕೋಶ ಮಾತ್ರ ಮರೆಯುವುದಿಲ್ಲ. ಅಂಥ ಅರ್ಜಿ ಇದ್ದ ಮಾತ್ರಕ್ಕೆ ಪ್ರವಾಸಿ ವೀಸಾ ಸಿಗುವುದಿಲ್ಲ ಎಂದೇನಿಲ್ಲ. ಮುಚ್ಚಿಟ್ಟರೆ ಮಾತ್ರ ಅದು 214(ಬಿ) ಇಂದ ಎದ್ದು 212ರ ಕಡೆಗೆ ನಡೆಯುತ್ತದೆ. ಮೊದಲ ಅರ್ಜಿ ಹಾಕುವ ಮೊದಲೇ ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆಲ್ಲ ಒಂದು ಫೋನ್ ಮಾಡುವುದು ವಾಸಿ. ಅಮೆರಿಕದಲ್ಲಿರುವ ಮಕ್ಕಳು, ಒಡಹುಟ್ಟಿದವರು ಯಾರ್ಯಾರು ಎಂಬುದನ್ನೂ ನಮೂನೆ ಕೇಳುತ್ತದೆ. 'ಅವನ ಜೊತೆ ಮಾತಿಲ್ಲ' ಎಂಬುದು ಹೆಸರು ಬಿಡಲು ಕಾರಣವಾಗುವುದಿಲ್ಲ.

ಹೆಸರಿನ ತಾಪತ್ರಯ ದಕ್ಷಿಣದವರಿಗೇ ಮೀಸಲು. ಊರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಅಡಗಿರುತ್ತವೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದರೆ ಇರುವ ಹೆಸರೇ ಉಪನಾಮವಾಗಿ, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' (ಮೊದಲ ಹೆಸರು ತಿಳಿದಿಲ್ಲ ಎಂದರ್ಥ) ಎಂಬ ಮೂರಕ್ಷರ ಬರುತ್ತದೆ. ಮೊದಲ ಅರ್ಜಿಯಲ್ಲಿ ಒಂದು ಥರ, ಎರಡನೆಯದರಲ್ಲಿ ಇನ್ನೊಂದು ಥರ ಬರೆಯದಿದ್ದರೆ ಸಾಕು.

ಹಳೆಯ ನಮೂನೆಯಲ್ಲಿ ತಪ್ಪಿದ್ದರೆ? ಹೊಸದರಲ್ಲಿ ಸರಿಯಾದದ್ದನ್ನೇ ಬರೆಯಬೇಕು. ಎರಡಕ್ಕೂ ವ್ಯತ್ಯಾಸ ಕಾಣುತ್ತದೆ, ಕೇಳಬಹುದು. ಕೇಳಿದರೆ ನಡೆದದ್ದನ್ನು ಹೇಳುವುದು: ಬೇರೆಯವರು ತುಂಬಿದ್ದರು, ಓದದೆ ಒಪ್ಪಿಕೊಂಡೆವು. ಈ ನಮೂನೆಯ ಕೊನೆಯಲ್ಲಿ ಅದನ್ನು ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆಯೂ ಇದೆ. ಏಜೆಂಟರು ಅಲ್ಲಿ ತಾವೇ 'ಇಲ್ಲ' ಎಂದು ಒತ್ತಿ ಮುಂದೆ ಹೋಗುವುದುಂಟು. ಮಾವನ ಹಳೆಯ ಅರ್ಜಿಯಲ್ಲೂ ಹಾಗೆಯೇ ಆಗಿತ್ತು. ಎರಡನೆಯದರಲ್ಲಿ ಆ ಜಾಗದಲ್ಲಿ ನನ್ನ ಹೆಸರಿದೆ.

ಕಾಗದವೇ ಮಾತನಾಡುವ ದೇಶಗಳು

ಅಮೆರಿಕದ್ದು ಬಾಯಿಮಾತಿನ ಪರೀಕ್ಷೆಯಾದರೆ ಬ್ರಿಟನ್, ಕೆನಡಾದ್ದು ಬರವಣಿಗೆಯ ಪರೀಕ್ಷೆ. ಅಲ್ಲಿ ಬಹುಪಾಲು ಸಂದರ್ಶನವಿರುವುದಿಲ್ಲ. ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದರೆ, ಎಲ್ಲೋ ಕುಳಿತ ಅಧಿಕಾರಿ ಕಾಗದ ನೋಡಿ ತೀರ್ಮಾನಿಸುತ್ತಾರೆ. ಅತ್ತೆಯ ದಪ್ಪ ಫೈಲಿಗೆ ಬೆಲೆ ಬರುವುದು ಇಲ್ಲಿ, ಎಡವುವುದೂ ಇಲ್ಲಿಯೇ.

ರೈತ ಕುಟುಂಬದ ಲೆಕ್ಕ ಹೊರಗಿನವರಿಗೆ ಒಗಟಿನಂತೆ ಕಾಣುತ್ತದೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆಯಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಐಟಿ ರಿಟರ್ನ್ಸ್ ಎಂಬುದೇ ಇರುವುದಿಲ್ಲ. ಬ್ಯಾಂಕ್ ಪುಸ್ತಕದಲ್ಲಿ ಹತ್ತು ತಿಂಗಳು ಸಣ್ಣ ಸಣ್ಣ ಮೊತ್ತ, ಅಡಿಕೆ ಮಾರಿದ ವಾರ ಒಮ್ಮೆಗೇ ಏಳು ಲಕ್ಷ. ಇದನ್ನು ನೋಡಿದ ಅಧಿಕಾರಿಗೆ, ವೀಸಾಕ್ಕಾಗಿ ಯಾರಿಂದಲೋ ತಂದು ಹಾಕಿದ ಹಣ ಎನಿಸುತ್ತದೆ. ಹಾಗೆ ತಂದು ಹಾಕುವವರೂ ಇದ್ದಾರೆ. ಪಹಣಿಯನ್ನು ಇಂಗ್ಲಿಷಿಗೆ ಭಾಷಾಂತರಿಸಿ ಇಟ್ಟರೆ ಜಮೀನು ಇದೆ ಎಂದಾಯಿತು, ಆ ಏಳು ಲಕ್ಷ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಮಂಡಿಯ ಅಥವಾ ಸಹಕಾರಿ ಸಂಘದ ಮಾರಾಟದ ಪಟ್ಟಿಯನ್ನು ಅದೇ ದಿನಾಂಕದ ಜಮೆಯ ಎದುರಿಗಿಟ್ಟು, ಹಿಂದಿನ ವರ್ಷದ ಅದೇ ತಿಂಗಳ ಪಟ್ಟಿಯನ್ನೂ ಜೋಡಿಸಿ, ಒಂದು ಪುಟದ ವಿವರಣೆ ಬರೆದರೆ ಒಗಟು ಒಡೆಯುತ್ತದೆ. ನಾನು ನೋಡಿದ ನಿರಾಕರಣೆ ಪತ್ರಗಳಲ್ಲಿ ಹಣ ಸಾಲದು ಎಂಬುದಕ್ಕಿಂತ ಹಣದ ಮೂಲ ತಿಳಿಯಲಿಲ್ಲ ಎಂಬ ಮಾತೇ ಹೆಚ್ಚು.

ಬ್ರಿಟನ್ನಿನ ಪತ್ರ ಒಂದು ಲೆಕ್ಕದಲ್ಲಿ ಉಪಕಾರಿ. ಯಾವ ಕಾಗದದ ಯಾವ ಅಂಶ ತೃಪ್ತಿ ಕೊಡಲಿಲ್ಲ ಎಂದು ಪ್ಯಾರಾ ಪ್ಯಾರಾ ಬರೆದಿರುತ್ತಾರೆ. ಕುಟುಂಬ ಭೇಟಿಯ ವೀಸಾಕ್ಕೆ ಇದ್ದ ಮೇಲ್ಮನವಿಯ ಹಕ್ಕನ್ನು 2013ರ ಜೂನ್‌ನಲ್ಲಿ ತೆಗೆದುಹಾಕಿದ್ದರಿಂದ ಅಲ್ಲಿಯೂ ಸಾಮಾನ್ಯರಿಗೆ ಉಳಿದಿರುವುದು ಮರು ಅರ್ಜಿಯೇ. ಆ ಪತ್ರದ ಒಂದೊಂದು ಪ್ಯಾರಾಕ್ಕೂ ಉತ್ತರವಾಗುವ ದಾಖಲೆ ಸಿಗುವವರೆಗೆ ಮತ್ತೆ ಹಾಕಬೇಡಿ.

ಕೆನಡಾದ ಪತ್ರ ಮೊದಲೆಲ್ಲ ಗೆರೆ ಎಳೆದ ಚೌಕಗಳಂತಿತ್ತು: ನಿಮ್ಮ ಭೇಟಿಯ ಉದ್ದೇಶ, ನಿಮ್ಮ ಕೌಟುಂಬಿಕ ನಂಟು, ಅಷ್ಟೇ. ಅಧಿಕಾರಿಯ ಟಿಪ್ಪಣಿ ಬೇಕಿದ್ದರೆ ಅಲ್ಲಿರುವ ಮಗನೋ ಮಗಳೋ ಮಾಹಿತಿ ಹಕ್ಕಿನಡಿ ಐದು ಡಾಲರ್ ಕಟ್ಟಿ ತರಿಸಬೇಕಿತ್ತು. 2025ರ ಜುಲೈ ಕೊನೆಯಿಂದ ಪ್ರವಾಸಿ ವೀಸಾ ಸೇರಿದಂತೆ ಹಲವು ಬಗೆಯ ನಿರಾಕರಣೆ ಪತ್ರಗಳ ಜೊತೆಗೇ ಆ ಟಿಪ್ಪಣಿಯನ್ನು ಕಳಿಸಲು ಆರಂಭಿಸಿದ್ದಾರೆ. ಅದನ್ನು ಓದದೆ ಮರು ಅರ್ಜಿ ಹಾಕುವುದು ಪ್ರಶ್ನೆಪತ್ರಿಕೆ ಕೈಯಲ್ಲಿದ್ದೂ ನೋಡದೆ ಬರೆದಂತೆ. ಇನ್ನೊಂದು ವಿಷಯ: ಅಲ್ಲಿನ ಪೌರರ ಅಥವಾ ಕಾಯಂ ನಿವಾಸಿಗಳ ತಂದೆ ತಾಯಿಗೆ, ಅಜ್ಜ ಅಜ್ಜಿಗೆ 'ಸೂಪರ್ ವೀಸಾ' ಎಂಬುದಿದೆ. 2022ರ ಜುಲೈನಿಂದ ಅದರಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಮಕ್ಕಳಿಗೆ ನಿಗದಿತ ಆದಾಯವಿರಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು. ವರ್ಷಗಟ್ಟಲೆ ಜೊತೆಗಿರುವ ಆಸೆಯಿಟ್ಟುಕೊಂಡು ಮೂರು ವಾರದ ಪ್ರವಾಸ ಎಂದು ಬರೆದು ನಿರಾಕರಣೆ ಪಡೆದವರು ಮರು ಅರ್ಜಿಯ ಬದಲು ಈ ಬಾಗಿಲನ್ನು ತಟ್ಟಬಹುದು.

ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ನಿಯಮದಲ್ಲಿ ನನಗೆ ಮೆಚ್ಚಿಗೆಯಾದ ಒಂದು ಸಾಲಿದೆ: ಹಿಂದಿನ ನಿರಾಕರಣೆಯೊಂದೇ ಹೊಸ ಅರ್ಜಿಯ ನಿರಾಕರಣೆಗೆ ತಾನಾಗಿ ಕಾರಣವಾಗಬಾರದು. ನಿರಾಕರಿಸಿದ ದೇಶದ ಕಾನೂನಿನಂತೆ ಮೇಲ್ಮನವಿಯ ಹಕ್ಕೂ ಅಲ್ಲಿದೆ. ಆದರೆ ಜರ್ಮನಿ ತನ್ನ ರಾಯಭಾರ ಕಚೇರಿಗಳಲ್ಲೇ ಉಚಿತವಾಗಿ ಮರುಪರಿಶೀಲನೆ ಕೇಳುವ ಸೌಲಭ್ಯವನ್ನು 2025ರ ಜುಲೈ 1ರಿಂದ ನಿಲ್ಲಿಸಿದೆ. ಈಗ ಅಲ್ಲಿನ ನ್ಯಾಯಾಲಯ, ಇಲ್ಲವೇ 90 ಯೂರೋ ಕಟ್ಟಿ ಮರು ಅರ್ಜಿ.

ಒಂದು ದೇಶದ 'ಇಲ್ಲ' ಇನ್ನೊಂದಕ್ಕೆ ತಿಳಿಯುತ್ತದೆಯೇ

ಡಿಎಸ್-160 ಕೇಳುವುದು ಅಮೆರಿಕದ ನಿರಾಕರಣೆಯನ್ನು ಮಾತ್ರ. ಕೆನಡಾ, ಬ್ರಿಟನ್ ನಮೂನೆಗಳು ಜಗತ್ತಿನ ಯಾವುದೇ ದೇಶದ ನಿರಾಕರಣೆಯನ್ನೂ ಕೇಳುತ್ತವೆ. ಮಗಳು ಅಮೆರಿಕದಲ್ಲಿ, ಮಗ ಕೆನಡಾದಲ್ಲಿ ಇರುವ ಮನೆಗಳು ಈಗ ಹೊಸತೇನಲ್ಲ. ಅಮೆರಿಕದಲ್ಲಿ ನಿರಾಕರಣೆಯಾದ ಅಪ್ಪ ಅಮ್ಮ ಕೆನಡಾಕ್ಕೆ ಹಾಕುವಾಗ 'ಅದು ಬೇರೆ ದೇಶದ್ದಲ್ಲವೇ' ಎಂದುಕೊಂಡು ಇಲ್ಲ ಎಂದು ಒತ್ತುತ್ತಾರೆ, ಅಥವಾ ಅವರ ಪರವಾಗಿ ಇನ್ನಾರೋ ಒತ್ತುತ್ತಾರೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದೂ ದೇಶಗಳು ವಲಸೆ ಮಾಹಿತಿಯನ್ನು, ಬೆರಳಚ್ಚು ಸಹಿತ, ತಮ್ಮೊಳಗೆ ಹಂಚಿಕೊಳ್ಳುತ್ತವೆ. ಸುಳ್ಳು ಹೇಳಿದ್ದು ಎಂದು ತೀರ್ಮಾನವಾದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ. ಹೇಳಿದ್ದರೆ ಒಂದು ಸಾಲಿನ ವಿವರಣೆಯಲ್ಲಿ ಮುಗಿಯುತ್ತಿದ್ದ ಮಾತು ಅದು. ತುಂಬಿದವರು ಯಾರೇ ಆಗಿರಲಿ, ಸಹಿ ನಿಮ್ಮದಾದ ಮೇಲೆ ತಪ್ಪೂ ನಿಮ್ಮದೇ.

ಮಾವನ ಎರಡನೆಯ ಸಂದರ್ಶನ ಮೊದಲನೆಯದಾದ ಹದಿನಾಲ್ಕು ತಿಂಗಳಿಗೆ ನಡೆಯಿತು. ಸ್ಲಾಟ್ ಸಿಗಲು ತಡವಾದದ್ದೂ ಸೇರಿ ಅಷ್ಟಾಯಿತು. ಅಷ್ಟರಲ್ಲಿ ಬಾಣಂತನ ಮುಗಿದು ಮೊಮ್ಮಗನಿಗೆ ಹಲ್ಲು ಬಂದಿತ್ತು. ಅಧಿಕಾರಿ ಬೇರೆ, ಪ್ರಶ್ನೆ ಅದೇ. ಏನು ಕೆಲಸ? "ಅಡಿಕೆ ತೋಟ ಇದೆ, ನಾನೇ ನೋಡಿಕೊಳ್ಳುತ್ತೇನೆ." ಹಿಂದೆ ನಿವೃತ್ತರು ಎಂದಿತ್ತಲ್ಲ? "ಬೇರೆಯವರು ಬರೆದಿದ್ದರು, ನಾವು ಓದಿರಲಿಲ್ಲ." ಯಾವಾಗ ವಾಪಸ್? "ಮೇ ತಿಂಗಳಿಗೆ ಮುಂಚೆ, ಮಳೆ ಬಂದರೆ ಅಡಿಕೆ ಕೊಳೆಯುತ್ತದೆ." ವೀಸಾ ಬಂತು.

ಇದನ್ನು ಸೂತ್ರ ಎಂದು ತಿಳಿಯಬೇಡಿ. ಅದೇ ತಿಂಗಳು, ಸರ್ಕಾರಿ ಪಿಂಚಣಿ, ಸ್ವಂತ ಮನೆ, ಸಿಂಗಪುರ ಪ್ರವಾಸ ಎಲ್ಲ ಇದ್ದ ನಮ್ಮ ಪರಿಚಯದ ದಂಪತಿಗೆ ಎರಡನೆಯ ಸಲವೂ 214(ಬಿ) ಸಿಕ್ಕಿತು. ಅವರ ಅರ್ಜಿಯನ್ನು ನಾನು ಮೂರು ಸಲ ಓದಿದೆ, ತಿದ್ದಬೇಕಾದದ್ದು ಯಾವುದೂ ಕಾಣಲಿಲ್ಲ. ಇಬ್ಬರು ಮಕ್ಕಳೂ ಅಲ್ಲಿಯೇ ನೆಲೆಸಿರುವುದು ಒಂದೇ ಅವರ ವಿರುದ್ಧ ಇದ್ದದ್ದು, ಅದನ್ನು ಯಾವ ನಮೂನೆಯಲ್ಲೂ ಬದಲಿಸಲಾಗುವುದಿಲ್ಲ. ಮೂರನೆಯ ಸಲ ಈಗಲೇ ಹಾಕಬೇಡಿ, ಆ ಹಣದ ಜೊತೆ ಇನ್ನಷ್ಟು ಸೇರಿಸಿ ಮಕ್ಕಳಿಗೇ ಟಿಕೆಟ್ ಮಾಡಿಸಿ ಎಂದೆ. ದೊಡ್ಡ ಮಗ ದಸರಾಕ್ಕೆ ಬಂದು ಮೂರು ವಾರ ಇದ್ದು ಹೋದ.